ಇಕ್ಕಳದಮ್ಮನ ಸ್ವಂತ ಮನೆ

ಹದಿಮೂರು ವರ್ಷ ಬೇರೆಯವರ ಮನೆಗೆ ನುಗ್ಗಿಯೇ ಅನ್ನ ಸಂಪಾದಿಸಿದ ಹೆಂಗಸು ಅಂದರೆ ನಮ್ಮ ಇಕ್ಕಳದಮ್ಮ. ಕಳ್ಳಿ ಅಂದುಕೊಂಡೀರಿ ಮತ್ತೆ! ನಟಿ. ಟೀವಿಯ ಹಾಸ್ಯ ಧಾರಾವಾಹಿಯೊಂದರಲ್ಲಿ ಪಕ್ಕದ ಮನೆಯಾಕೆ. ಮೊದಲನೇ ಕಂತಿನಲ್ಲಿ ಬಾಗಿಲು ತಟ್ಟದೆ ಒಳಗೆ ಬಂದು, "ಇಕ್ಕಳ ಇದ್ಯಾ? ನಮ್ದಕ್ಕೆ ಕಾಲು ಬಂದು ಎಲ್ಲೋ ಹೋಗಿದೆ," ಎಂದಿದ್ದಳು. ಜನ ಬಿದ್ದು ಬಿದ್ದು ನಕ್ಕರು. ಎರಡನೇ ವಾರ ಏಣಿ, ಮೂರನೇ ವಾರ ಕತ್ತರಿ, ಆಮೇಲೆ ಸೂಜಿಯಿಂದ ಹಿಡಿದು ಮಂಚದವರೆಗೆ ಅವಳು ಎರವಲು ಕೇಳದ ವಸ್ತುವಿಲ್ಲ. ಆದರೆ ಹೆಸರಿಗೆ ಅಂಟಿಕೊಂಡದ್ದು ಇಕ್ಕಳವೇ. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗ ಆ ಮಹಾರಾಯ, "ಓಹೋ, ಇಕ್ಕಳದಮ್ಮ! ಇವತ್ತು ಇಕ್ಕಳ ನನ್ ಕೈಲಿದೆ ನೋಡಿ," ಅಂದಿದ್ದ. ಆ ಸ್ಥಿತಿಯಲ್ಲೂ ಅವಳಿಗೆ ಖುಷಿಯಾಗಿತ್ತು.

ಆ ಧಾರಾವಾಹಿಯನ್ನು ಬರೀ ಕ್ಯಾಮೆರಾ ಮುಂದೆ ಆಡಿ ಮುಗಿಸುತ್ತಿರಲಿಲ್ಲ. ಇನ್ನೂರು ಜನರನ್ನು ಕುರ್ಚಿ ಹಾಕಿ ಕೂರಿಸಿ, ಅವರೆದುರು ನಾಟಕದಂತೆ ಆಡಿ, ಅವರ ನಗುವನ್ನೂ ಸೇರಿಸಿಯೇ ಚಿತ್ರೀಕರಿಸುತ್ತಿದ್ದರು. ಸೆಟ್ಟಿನ ಮನೆಗೆ ಮೂರೇ ಗೋಡೆ. ನಾಲ್ಕನೆಯದು ಇರಬೇಕಾದಲ್ಲಿ ಜನ. ಪಕ್ಕದ ಮನೆಯಾಕೆ ಬರಬೇಕು, ಒಂದು ಮಾತು ಎಸೆಯಬೇಕು, ನಗು ಏಳುತ್ತಿದ್ದಂತೆ ಬೆನ್ನು ತಿರುಗಿಸಿ ಹೊರಟುಬಿಡಬೇಕು. ನಗು ಇಳಿಯುವವರೆಗೆ ನಿಂತಳೋ, ಕೆಟ್ಟಿತು. ಈ ಪಾಠ ಅವಳ ತಲೆಗಿಂತ ಚೆನ್ನಾಗಿ ಕಾಲಿಗೆ ಹತ್ತಿತ್ತು. ಬಾಗಿಲಿನಿಂದ ಸೋಫಾದವರೆಗೆ ಒಂಬತ್ತು ಹೆಜ್ಜೆ, ವಾಪಸ್ಸು ಏಳೇ. ಹದಿಮೂರು ವರ್ಷದಲ್ಲಿ ಒಂದು ಸಲವೂ ಆ ಸೋಫಾದ ಮೇಲೆ ಕೂತವಳಲ್ಲ.

ಕೂರುತ್ತಿದ್ದವಳು ಧಾರಾವಾಹಿಯ ನಾಯಕಿ. ಮನೆಯೊಡತಿಯ ಪಾತ್ರ ಅವಳದ್ದಾದ್ದರಿಂದ ಸೆಟ್ಟಿನಲ್ಲಿ ಎಲ್ಲರ ಬಾಯಲ್ಲೂ ಅವಳು ಯಜಮಾನ್ತಿ. ಪರದೆಯ ಮೇಲೆ ಮೊದಲು ಬರುವ ಹೆಸರು ಅವಳದ್ದು, ಮೇಕಪ್ಪಿಗೆ ಒಬ್ಬಳಿಗೇ ಒಂದು ಕೋಣೆಯೂ ಅವಳಿಗೆ. ಇಕ್ಕಳದಮ್ಮನ ಹೆಸರು ಕಟ್ಟಕಡೆಗೆ, ಸಂಗೀತ ಮುಗಿಯುವ ಹೊತ್ತಿಗೆ, ರೈಲು ತಪ್ಪೀತೆನ್ನುವವರಂತೆ ಓಡಿ ಮಾಯವಾಗುತ್ತಿತ್ತು. ಹೊಟ್ಟೆ ಉರಿಯದೆ ಇರುತ್ತದೆಯೇ? ಉರಿಯಿತು, ಚೆನ್ನಾಗಿಯೇ ಉರಿಯಿತು.

"ಅವ್ಳೇನ್ ಮಾಡ್ತಾಳೆ ಹೇಳಕ್ಕಾ? ಸೋಫಾ ಮೇಲೆ ಕೂತು ಕಣ್ಣು ಬಿಡ್ತಾಳೆ, ಅಷ್ಟೆ. ನಗಿಸೋಳು ನಾನು," ಎಂದು ಮನೆಗೆ ಬಂದು ಅಕ್ಕನ ಮುಂದೆ ಗೊಣಗುತ್ತಿದ್ದಳು.

ಅಕ್ಕತಂಗಿಯರಿಬ್ಬರದೂ ಒಂದೇ ಮನೆ. ಮುಂದಿನ ಕೋಣೆಯಲ್ಲಿ ಅಕ್ಕನ ಹೊಲಿಗೆ ಅಂಗಡಿ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ಪು ಬದಲಿಸುವುದು, ದಪ್ಪಗಾದವರ ಬಟ್ಟೆ ಬಿಚ್ಚಿ ಅಗಲ ಮಾಡುವುದು. ತುಟಿಯ ನಡುವೆ ಸದಾ ನಾಲ್ಕು ಗುಂಡುಸೂಜಿ, ಮಾತೂ ಅದೇ ಜಾತಿಯದು. "ಅಷ್ಟು ಸುಲಭ ಆದ್ರೆ ನೀನೂ ಕೂತು ಕಣ್ಣು ಬಿಡು, ನೋಡೋಣ," ಎನ್ನುತ್ತಿದ್ದಳು.

ನೋಡುವ ಕಾಲವೂ ಬಂತು. ಯಜಮಾನ್ತಿ ನಟನೆ ಸಾಕೆಂದು ಮಕ್ಕಳಿಗೆ ನಾಟಕ ಕಲಿಸುವ ಶಾಲೆ ತೆರೆದಳು. ನಾಯಕಿಯೇ ಇಲ್ಲದ ಮೇಲೆ ಧಾರಾವಾಹಿ ಮುಗಿಯಿತು. ಇಕ್ಕಳದಮ್ಮನಿಗೆ ಆಗ ಐವತ್ಮೂರು. ಆ ವಯಸ್ಸಿನ ನಟಿಗೆ ಸಿಗುವ ಪಾತ್ರ ಎರಡೇ: ಆಸ್ಪತ್ರೆಯ ಮಂಚದ ಮೇಲೆ ಕೆಮ್ಮುವ ಅಮ್ಮ, ಇಲ್ಲವೇ ಗೋಡೆಯ ಮೇಲಿನ ಫೋಟೋ. ಇನ್ನು ಫೋಟೋನೇ ಗತಿ ಎಂದು ಅವಳು ಅಂದುಕೊಳ್ಳುವಷ್ಟರಲ್ಲಿ ಚಾನೆಲ್ಲಿನವರು ಕರೆದರು. ಹೊಸ ಧಾರಾವಾಹಿ, ಅವಳೇ ನಾಯಕಿ! ಸ್ವಂತ ಮನೆಯ ಮಹಡಿಯನ್ನು ಬಾಡಿಗೆಗೆ ಕೊಟ್ಟ ಒಂಟಿ ಹೆಂಗಸಿನ ಪಾತ್ರ. ಮೊದಲು ಒಂದೇ ಒಂದು ಕಂತು, ಪರೀಕ್ಷೆಗೆ. ಜನ ಒಪ್ಪಿದರೆ ಇಪ್ಪತ್ತಾರು ಕಂತು. ಒಪ್ಪದಿದ್ದರೆ ಆ ಜಾಗಕ್ಕೆ ಬೇರೆ ಯಾವುದೋ ಕಾರ್ಯಕ್ರಮ ಕಾದು ಕೂತಿದೆ, ಅದು ಬರುತ್ತದೆ.

"ಅಕ್ಕಾ, ಇದು ಬೇಕು ನಂಗೆ," ಎಂದಳು ಇಕ್ಕಳದಮ್ಮ. "ಸುಳ್ಳು ಹೇಳಲ್ಲ. ಒಂದ್ ಸಲನಾದ್ರೂ ನನ್ನ ಹೆಸರು ಮೊದಲು ಬರಬೇಕು."

ಅಕ್ಕ ಗುಂಡುಸೂಜಿಗಳನ್ನು ಬಾಯಿಂದ ತೆಗೆದಿಟ್ಟಳು. "ಬೇಕು ಅಂದ್ಮೇಲೆ ಬಿಡಬೇಡ ಕಣೇ," ಎಂದಳು.

ಸೋಮವಾರ ತಾಲೀಮು ಶುರುವಾಯಿತು. ಶುರುವಾದದ್ದೇ ತಡ, ಗ್ರಹಚಾರ ನೋಡಿ, ಇಕ್ಕಳದಮ್ಮನಿಗೆ ಆ ಮನೆಯಲ್ಲಿ ಇರುವುದಕ್ಕೇ ಬರಲಿಲ್ಲ. ಮಾತೆಲ್ಲ ಬಾಯಿಪಾಠ. ಆದರೆ ಒಂದು ಮಾತು ಆಡಿದ ಕೂಡಲೇ ಕಾಲು ಬಾಗಿಲ ಕಡೆ ಹೊರಳುತ್ತಿತ್ತು. ಕೂತರೆ ಸೋಫಾದ ತುದಿಯಲ್ಲಿ, ಬಸ್ಸಿಗೆ ಕಾಯುವವಳಂತೆ. ಎದುರಿನವರು ಮಾತಾಡುವಾಗ ಕೈ ಎಲ್ಲಿಡಬೇಕೆಂದು ತಿಳಿಯದೆ ದಿಂಬು ತಟ್ಟುವುದು, ಇಲ್ಲದ ಧೂಳು ಒರೆಸುವುದು.

"ಅಮ್ಮಾ, ಇದು ನಿಮ್ಮನೆ," ಎಂದಳು ನಿರ್ದೇಶಕಿ. ಮಗಳ ವಯಸ್ಸಿನವಳು, ತಾಳ್ಮೆಯವಳು. "ನಿಮ್ಮನೆ ಬಿಟ್ಟು ನೀವೆಲ್ಲಿಗೆ ಹೋಗ್ತೀರಾ?"

"ಸೋಫಾ ತುಂಬಾ ತಗ್ಗಾಯ್ತು," ಎಂದಳು ಇಕ್ಕಳದಮ್ಮ.

ಸೋಫಾದ ಕೆಳಗೆ ಹಲಗೆ ಕೊಟ್ಟು ಎತ್ತರಿಸಿದರು. ಎತ್ತರ ಹೆಚ್ಚಾಯಿತು ಎಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ಕಥೆ. ಇದು ಸೋಫಾದ ತಪ್ಪಲ್ಲ ಎನ್ನುವುದು ಅವಳಿಗೂ ಗೊತ್ತಿತ್ತು. ಇನ್ನೊಂದು ಸಂಕಟವೂ ಇತ್ತು. ಬರೆದ ಪುಟಗಳಲ್ಲಿ ನಗೆಮಾತು ಹೆಚ್ಚಾಗಿ ಇದ್ದದ್ದು ಮಹಡಿಯ ಬಾಡಿಗೆದಾರಳಿಗೆ. ಆ ಪಾತ್ರಕ್ಕೆ ಹೊಸ ಹುಡುಗಿಯೊಬ್ಬಳು ಬಂದಿದ್ದಳು. ಇದೇ ಅವಳ ಮೊದಲ ಕೆಲಸ, ಮಾತು ಶುರು ಮಾಡುವ ಮುನ್ನ ಪ್ರತಿ ಸಲ ಉಗುಳು ನುಂಗುವಳು. ಹುಡುಗಿ ಬರುವುದು, ಹೇಳುವುದು, ಹೋಗುವುದು. ನಾಯಕಿ "ಹೌದಾ?" "ಯಾವಾಗ?" "ಅಯ್ಯೋ, ಆಮೇಲೆ?" ಎನ್ನುತ್ತಾ ಕೂತಿರುವುದು. ಇದೆಂಥ ನಾಯಕಿ ಕೆಲಸ!

ಬುಧವಾರ ಮಧ್ಯಾಹ್ನ ನಾಚಿಕೆ ಬಿಟ್ಟು ಯಜಮಾನ್ತಿಗೆ ಫೋನ್ ಮಾಡಿದಳು. ಆ ಕಡೆ ಮಕ್ಕಳ ಕಿರುಚಾಟ. ಇಕ್ಕಳದಮ್ಮ ಎಲ್ಲವನ್ನೂ ಹೇಳಿಕೊಂಡಳು.

"ಸೋಫಾಕ್ಕೆ ಬೆನ್ನು ಕೊಟ್ಟು ಕೂತ್ಕೊಳಿ ಅಕ್ಕ," ಎಂದಳು ಯಜಮಾನ್ತಿ. "ಬಂದೋರು ಏನ್ ಹೇಳ್ತಾರೋ ಅದನ್ನ ಕೇಳಿ. ಹತ್ತು ಸಲ ತಾಲೀಮಲ್ಲಿ ಕೇಳಿರ್ತೀರಲ್ಲ, ಆದ್ರೂ ಇದೇ ಮೊದಲ್ನೇ ಸಲ ಅನ್ನೋ ಥರ ಕೇಳಿ."

"ಅಷ್ಟೇನಾ?"

"ಅಷ್ಟೇ. ಅದೇ ಕಷ್ಟ." ಆಮೇಲೆ ಅವಳು ನಕ್ಕಳು. "ನಿಮ್ಮ ಮೊದಲ್ನೇ ದಿನ ನೆನಪಿದ್ಯಾ? ಬಾಗಿಲು ತೆಗೆದು ಬಂದ್ರಿ, ಮಾತೇ ಮರೆತುಹೋಯ್ತು. ಮುಖ ಬಿಳಚಿಕೊಂಡಿತ್ತು. ನಾನು 'ಏನು, ಇಕ್ಕಳ ಬೇಕಿತ್ತಾ?' ಅಂದೆ."

ಇಕ್ಕಳದಮ್ಮನಿಗೆ ನೆನಪಿರಲಿಲ್ಲ. ಇರಲಿಲ್ಲ ಅನ್ನುವುದಕ್ಕಿಂತ, ಹದಿಮೂರು ವರ್ಷದಿಂದ ಅದನ್ನು ಎಲ್ಲೋ ಮೂಲೆಗೆ ತಳ್ಳಿಬಿಟ್ಟಿದ್ದಳು. ಈಗ ಎಲ್ಲ ಕಣ್ಣಿಗೆ ಕಟ್ಟಿತು. ಆ ಪ್ರಶ್ನೆ ಬರೆದ ಪುಟದಲ್ಲಿ ಇರಲೇ ಇಲ್ಲ. ಇವಳನ್ನು ಉಳಿಸಲೆಂದು ಆ ಹೆಂಗಸು ಹುಟ್ಟಿಸಿಕೊಂಡು ಕೇಳಿದ್ದಳು. ಫೋನ್ ಇಟ್ಟಳು. ತನ್ನ ಬಗ್ಗೆ ತನಗೇ ನಾಚಿಕೆಯಾಯಿತು.

ಶನಿವಾರ ಮಧ್ಯಾಹ್ನ ಇನ್ನೂರು ಕುರ್ಚಿಯೂ ಭರ್ತಿ. ಮೂರನೇ ಸಾಲಿನಲ್ಲಿ ಅಕ್ಕ, ಅಂಗಡಿಗೆ ಬೀಗ ಹಾಕಿ ಬಂದವಳು. ಪಕ್ಕಕ್ಕೆ ಚಾನೆಲ್ಲಿನ ಮೂವರು, ಕಾಲ ಮೇಲೆ ಕಾಲು ಹಾಕಿಕೊಂಡು. ದೀಪ ಹತ್ತಿತು, ಇಕ್ಕಳದಮ್ಮ ಸೋಫಾಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಹೊಸ ಹುಡುಗಿ ಮೆಟ್ಟಿಲಿಳಿದು ಬಂದು, ಉಗುಳು ನುಂಗಿ, ಕೇಳಿದಳು:

"ಆಂಟಿ, ರೂಮಿಗೆ ಕಿಟಕಿ ಇದೆ ಅಂದಿದ್ರಿ?"

ಇಕ್ಕಳದಮ್ಮ ಎದ್ದು ನಿಂತಳು. "ಇದೆಯಲ್ಲಮ್ಮಾ. ಬೀರು ಹಿಂದೆ."

ನಗು ಎಂದರೆ ನಗು! ಇಡೀ ಸಭೆ ಗೊಳ್ಳೆಂದಿತು. ಹಳೆಯ ಧಾರಾವಾಹಿ ಮುಗಿದಾಗಿನಿಂದ ಮೂರು ತಿಂಗಳು ಆ ಸದ್ದು ಕೇಳದೆ ಒಣಗಿದ್ದ ಜೀವ ಅವಳದ್ದು. ಕಿವಿ ತುಂಬಿತು, ಬೆನ್ನು ತಿರುಗಿತು, ಕಾಲು ತನ್ನ ಪಾಡಿಗೆ ತಾನು ಎಣಿಸಿತು. ಏಳು ಹೆಜ್ಜೆ. ಬಾಗಿಲು ತೆಗೆದಳು, ಹೊರಗೆ ಹೋದಳು, ಬಾಗಿಲು ಹಾಕಿಕೊಂಡಳು.

ಹಾಕಿಕೊಂಡ ಮೇಲೆ ಜ್ಞಾನೋದಯವಾಯಿತು. ಇದು ತನ್ನದೇ ಮನೆ! ತನ್ನ ಮನೆಯಿಂದ ತಾನೇ ಎದ್ದು ಬಂದಿದ್ದಳು, ದೃಶ್ಯದ ನಟ್ಟನಡುವೆ.

ಸೆಟ್ಟಿನ ಹಿಂದೆ, ಮೊಳೆಗಳ ಡಬ್ಬಿಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ ಬಡಗಿ ಅವಳನ್ನು ನೋಡಿ ಬಾಯಿ ಬಿಟ್ಟ. ಹಳೆಯ ಧಾರಾವಾಹಿಗೂ ಬಾಗಿಲು ಕೂರಿಸಿದವನು ಅವನೇ. "ಅಮ್ಮಾ, ನೀವ್ಯಾಕೆ ಇಲ್ಲಿ?" ಎಂದು ಪಿಸುಗುಟ್ಟಿದ.

"ನನ್ನ ಹಣೆಬರಹ," ಎಂದಳು ಅವಳು. ನಿಲ್ಲಿಸಿ ಎಂದು ನಿರ್ದೇಶಕಿ ಕೂಗಲಿಲ್ಲ. ಜನರೆದುರು ಆಡುವಾಗ ಎಂಥ ತಪ್ಪಾದರೂ ನಿಲ್ಲಿಸುವಂತಿಲ್ಲ, ನಟರೇ ಹೇಗಾದರೂ ದಡ ಸೇರಬೇಕು. ಅದು ಅಲ್ಲಿನ ಪದ್ಧತಿ.

ಬಡಗಿ ಮುಂದೆ ಬಾಗಿದ. "ಏನೂ ಕೆಟ್ಟಿಲ್ಲ. ಬಾಗಿಲು ತೆಗೆದು 'ಇಕ್ಕಳ ಇದ್ಯಾ' ಅನ್ನಿ. ಜನ ಕುರ್ಚಿ ಮೇಲೆ ನಿಂತ್ಕೊಂಡು ಚಪ್ಪಾಳೆ ಹೊಡೀತಾರೆ."

ಹೊಡೆಯುತ್ತಾರೆ. ಅದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಹದಿಮೂರು ವರ್ಷ ಕೈಕೊಡದ ಮಾತು ಅದು. ಚಾನೆಲ್ಲಿನವರಿಗೆ ಬೇಕಾದದ್ದೂ ಚಪ್ಪಾಳೆಯೇ. ನಾಲಿಗೆಯ ತುದಿಗೆ ಬಂದು ಕೂತಿತ್ತು, ಬಾಯಿ ತೆರೆದರೆ ಸಾಕು.

ಒಳಗೆ ನಗು ಇಳಿಯುತ್ತಿತ್ತು. ಇಳಿಯಿತು. ಆಮೇಲೆ ಏನೂ ಇಲ್ಲ. ಆ ಸದ್ದಿಲ್ಲದ ಹೊತ್ತಿನಲ್ಲಿ, ತೆಳ್ಳನೆಯ ಹಲಗೆ ಬಾಗಿಲಿನ ಆಚೆ, ಹುಡುಗಿ ಉಗುಳು ನುಂಗಿದ್ದು ಅವಳಿಗೆ ಕೇಳಿಸಿತು. ಪಾಪ, ಒಂದು ಸಲ ಅಲ್ಲ, ಎರಡು ಸಲ. ಹುಡುಗಿಯ ಮುಂದಿನ ಮಾತೆಲ್ಲ ಕಿಟಕಿಯದ್ದು, ಆ ದೃಶ್ಯದಲ್ಲೇ ಒಳ್ಳೆಯ ಮಾತು. ಈಗ ಇವಳು ಹೋಗಿ ಇಕ್ಕಳ ಕೇಳಿದರೆ ಕಿಟಕಿ ಮುಚ್ಚಿಹೋಯಿತು. ಚಪ್ಪಾಳೆಯ ಗದ್ದಲದಲ್ಲಿ ಆ ಮಗು ಬಾಯಿ ಒಣಗಿಸಿಕೊಂಡು ನಿಂತಿರಬೇಕು, ಮೊದಲ ದಿನವೇ.

ಇಕ್ಕಳದಮ್ಮ ಬಾಗಿಲು ತೆಗೆದಳು. ಸಭೆಯಲ್ಲಿ ಯಾರೋ ಆಗಲೇ ಚಪ್ಪಾಳೆಗೆ ಕೈ ಎತ್ತಿದ್ದರು. ಅವಳು ಆ ಕಡೆ ನೋಡಲೇ ಇಲ್ಲ.

"ಗೇಟ್ ಹಾಕಿದೀನೋ ಇಲ್ವೋ ಅಂತ ನೋಡ್ಕೊಂಡ್ ಬಂದೆ," ಎಂದಳು, ಎಲ್ಲರ ಮನೆಯಲ್ಲೂ ಹೇಳುವಂತೆ. ಯಾರೂ ನಗಲಿಲ್ಲ. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಸೋಫಾದ ಮೇಲೆ ಕೂತು, ಬೆನ್ನು ಕೊಟ್ಟು, ಹುಡುಗಿಯ ಮುಖ ನೋಡಿದಳು. "ಏನೋ ಹೇಳ್ತಿದ್ಯಲ್ಲ ಮಗಳೇ, ಬೀರು ಸರಿಸಿದ್ಯಾ? ಕಿಟಕಿ ಸಿಕ್ತಾ?"

ಪುಟದಲ್ಲಿ ಇಲ್ಲದ ಪ್ರಶ್ನೆ. ಹುಡುಗಿಯ ಕಣ್ಣಿಗೆ ಜೀವ ಬಂತು.

"ಸರಿಸೇ ಬಂದೆ ಆಂಟಿ. ಸಿಕ್ತು, ತೆಗೆದೆ. ತೆಗೆದ್ರೆ ಪಕ್ಕದ್ಮನೆಯವ್ರು ಎದುರಿಗೇ ಊಟಕ್ಕೆ ಕೂತಿದಾರೆ."

"ಅಯ್ಯೋ! ಆಮೇಲೆ?"

"ನನ್ಗೂ ಒಂದು ತಟ್ಟೆ ಹಾಕಿದ್ರು."

ಜನ ಹೊಟ್ಟೆ ಹಿಡಿದುಕೊಂಡರು. ಇಕ್ಕಳದಮ್ಮ ನಗು ಇಳಿಯುವವರೆಗೆ ಕಾದಳು, ಮಿಸುಕಲಿಲ್ಲ. "ಊಟ ಮಾಡಿದ್ಯಾ?" ಎಂದಳು, ನಿಜವಾಗಿಯೂ ತಿಳಿಯಬೇಕು ಎನ್ನುವಂತೆ.

"ಬಾಡಿಗೇಲಿ ಊಟಾನೂ ಸೇರಿದೆ ಅಂತ ನೀವು ಮೊದ್ಲೇ ಹೇಳೋದಲ್ವಾ!" ಎಂದು ಹುಡುಗಿ ತಿರುಗಿ, ನಗು ಏಳುತ್ತಿದ್ದಂತೆ ಮೆಟ್ಟಿಲು ಹತ್ತಿ ಹೋಗಿಬಿಟ್ಟಳು. ಸೂರು ಕಿತ್ತುಹೋಗುವಂತೆ ಚಪ್ಪಾಳೆ. ಇಕ್ಕಳದಮ್ಮನ ಕಾಲು ಒಮ್ಮೆ ಎಳೆಯಿತು. ಏಳಲಿಲ್ಲ ಅವಳು. ಅಷ್ಟು ದೊಡ್ಡ ಚಪ್ಪಾಳೆಯನ್ನು ಕೂತಲ್ಲೇ ಕೇಳಿಸಿಕೊಂಡದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಹಾಯೆನಿಸಿತು.

ಆಮೇಲಿನದೆಲ್ಲ ಬೆಣ್ಣೆ ಜಾರಿದ ಹಾಗೆ ಹೋಯಿತು. ಮುಗಿದ ಮೇಲೆ ಚಾನೆಲ್ಲಿನ ಹಿರಿಯರು ಸೆಟ್ಟಿನೊಳಗೇ ಬಂದರು. "ಇಪ್ಪತ್ತಾರು ಕಂತು," ಎಂದರು. ನಿರ್ದೇಶಕಿ ಅವಳನ್ನು ಅಪ್ಪಿಕೊಂಡು, "ಗೇಟ್ ನೋಡಕ್ಕೆ ಹೋಗಿದ್ರಾ ನೀವು? ನನ್ ಜೀವ ಬಾಯಿಗೆ ಬಂದಿತ್ತು!" ಎಂದು ಗದರಿದಳು. ಇಕ್ಕಳದಮ್ಮನಿಗೆ ಅಳು ಬಂತು. ಸಂತೋಷಕ್ಕೇ ಬಂದದ್ದು, ಸೆರಗಿನಲ್ಲಿ ಒರೆಸಿಕೊಂಡಳು, ಮೇಕಪ್ಪು ಹಾಳಾಯಿತು, ಆಗಲಿ ಎಂದುಕೊಂಡಳು. ಹೋಗುವ ಮುಂಚೆ ಯಜಮಾನ್ತಿಗೆ ಫೋನ್ ಮಾಡಿ ಸುದ್ದಿ ಹೇಳಿದಳು. ಹದಿಮೂರು ವರ್ಷ ತಡವಾಗಿ ಒಂದು ಥ್ಯಾಂಕ್ಸ್ ಕೂಡ ಹೇಳಿದಳು.

ಇನ್ನೂ ಬಿಸಿಲಿತ್ತು. ಅಕ್ಕತಂಗಿ ಇಬ್ಬರೂ ನಡೆದೇ ಹೊರಟರು. ಅಕ್ಕನ ಕೈಬೆರಳುಗಳು ಇನ್ನೂ ಮಡಚಿಕೊಂಡೇ ಇದ್ದವು. ಏನೋ ಮನಸ್ಸಿನಲ್ಲಿಟ್ಟುಕೊಂಡಿದ್ದಾಳೆ ಎಂದು ತಂಗಿಗೆ ಗೊತ್ತಾಯಿತು.

"ಹೇಳಿಬಿಡು," ಎಂದಳು.

"ನಾನು ಬೆರಳು ಮಡಚಿ ಎಣಿಸ್ತಾ ಕೂತಿದ್ದೆ ಕಣೇ," ಎಂದಳು ಅಕ್ಕ. ದನಿಯಲ್ಲಿ ನಿಜವಾದ ಬೇಸರವಿತ್ತು. "ಆ ಹುಡುಗಿಗೆ ಹನ್ನೊಂದು ನಗು ಬಿತ್ತು. ಕರೆಂಟ್ ಮೀಟರ್ ನೋಡೋ ಪಾತ್ರದೋನು ಒಂದೇ ನಿಮಿಷ ಇದ್ದ, ಅವನಿಗೂ ಐದು. ನಿನಗೆ ಬರೀ ಮೂರು. ಹೆಸರು ಮೊದಲು ಬಂದು ಏನ್ ಬಂತು, ನಗು ಎಲ್ಲಾ ಅವರಿವರ ಪಾಲಾಯ್ತಲ್ಲ!"

ಇಕ್ಕಳದಮ್ಮ ಅಕ್ಕನ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೈ ಹಿಡಿದುಕೊಂಡಳು.

"ಬಿಡಕ್ಕಾ," ಎಂದಳು. "ಎಲ್ಲಾ ನಮ್ಮನೇಲೇ ತಾನೆ ನಕ್ಕಿದ್ದು?"