ಸೊನ್ನೆ ಮಂದಿ ಕೇಳಿದ ಪದ್ಯ

ಏನೋ ಗುಂಯ್‌ಗುಡುತ್ತಿದೆ, ಲಾಮುವಿನಿಂದ ಪಾತೆಗೆ ಹೊರಟ ಈ ದೋಣಿಯ ಯಂತ್ರವಲ್ಲ, ಯಾರೋ ಅನ್ನ ಬೇಯಿಸುವ ಖಾಲಿ ಪಾತ್ರೆಯೊಳಗೆ ಫೋನು ಇಟ್ಟಿದ್ದಾರೆ, ಸದ್ದು ದೊಡ್ಡದಾಗಲೆಂದು, ಪಾತ್ರೆಯ ಅಂಚು ಸಣ್ಣಗೆ ನಡುಗುತ್ತಿದೆ — ಇದು ಪಾತೆ ದ್ವೀಪದ ಮುದುಕಿ ಬೀ ಮ್ವಾನಾತೆಯ ಧ್ವನಿ, ಈ ಪದ್ಯವನ್ನು ಅವಳ ಪಡಸಾಲೆಯಲ್ಲಿ ಕೂತು ನಾನೇ ಧ್ವನಿ ಹಿಡಿದು ಜಾಲತಾಣಕ್ಕೆ ಏರಿಸಿದ್ದು, ಕೆಮ್ಮನ್ನು ಅಳಿಸದೆ ಹಾಗೇ ಬಿಟ್ಟದ್ದು, ಈಗ ಕೆಮ್ಮುತ್ತಾಳೆ ನೋಡು, ಕೆಮ್ಮಿದಳು. ಇವತ್ತು ಅವಳಿಗೆ ಹೇಳಬೇಕಾದ್ದು ನನ್ನ ಚೀಲದಲ್ಲಿದೆ, ಲಾಮು ಕಚೇರಿಯ ಕಾಗದ, ನಾನು ನೋಡಿಕೊಳ್ಳುವ ಪದ್ಯಗಳ ಆ ಜಾಲತಾಣವನ್ನು ತಿಂಗಳ ಕೊನೆಗೆ ಮುಚ್ಚುವುದು, ಕಾರಣ ನೋಡುಗರು ಸೊನ್ನೆ, ಕೆಳಗೆ ನನ್ನ ಸಹಿಗೆ ಜಾಗ. ಕಚೇರಿಯ ಲಾಲಿ ಸಾಹೇಬರು ಕಂಪ್ಯೂಟರಿನ ಪರದೆ ತಿರುಗಿಸಿ ತೋರಿಸಿದ್ದರು, ನೋಡಮ್ಮ ಶುಫಾ, ಲೋಕದ ತಾಣಗಳಿಗೆಲ್ಲ ಎಷ್ಟು ಜನ ಬರ್ತಾರೆ ಅಂತ ಎಣಿಸೋರು ಇವರು, ಇವರ ಪ್ರಕಾರ ನಿಂದು ಸೊನ್ನೆ. ಹಾಗೇ ಎಣಿಸೋ ಇನ್ನೊಬ್ಬರು ಹನ್ನೊಂದು ಸಾವಿರ ಅಂತಾರಲ್ಲ ಸಾಹೇಬ್ರೆ, ಅಂದೆ. ಹನ್ನೊಂದು ಸಾವಿರ ಜನ ಪದ್ಯ ಕೇಳ್ತಾ ಕೂತಿದ್ರೆ ನಮ್ಮಲ್ಲಿ ಮೀನು ಹಿಡಿಯೋಕೆ ಯಾರಿರ್ತಿದ್ರು, ಅದೆಲ್ಲ ಮನುಷ್ಯರಲ್ಲ, ಕಂಪ್ಯೂಟರ್ ಯಂತ್ರಗಳು ತಾವೇ ಬಂದು ತಾಣದ ಬಾಗಿಲು ತಟ್ಟಿ ಹೋಗೋದು, ಸೊನ್ನೆ ಸುಳ್ಳು ಅನ್ಸಿದ್ರೆ ನಿಜದ ಸಂಖ್ಯೆ ಪಕ್ಕದಲ್ಲಿ ಬರ್ಕೊಂಡು ಬಾ, ಇಲ್ಲಾಂದ್ರೆ ಸಹಿ ಹಾಕು. ಒಂದೇ ತಾಣ, ಒಂದೇ ತಿಂಗಳು, ಒಬ್ಬರಿಗೆ ಸೊನ್ನೆ, ಒಬ್ಬರಿಗೆ ಹನ್ನೊಂದು ಸಾವಿರ, ದೂರದಲ್ಲೆಲ್ಲೋ ಕೂತು ಕೆಲವರ ಹೆಜ್ಜೆ ನೋಡಿ ಉಳಿದವರನ್ನು ಊಹಿಸುವವರು, ಆ ಕೆಲವರಲ್ಲಿ ಪಾತೆಯವರು ಒಬ್ಬರಾದರೂ ಇದ್ದಾರೆಯೇ —

ಪಕ್ಕದ ಹೆಂಗಸು ಮೊಣಕೈಯಿಂದ ತಿವಿಯುತ್ತಾಳೆ, ಸ್ವಲ್ಪ ಸರೀರಿ ಅಕ್ಕ, ಆ ಕಡೆಯವ್ರಿಗೂ ಕೇಳ್ಲಿ. ಫೋನು ನಿನ್ನದಾ ಅಂದೆ. ನಂದೇ, ಲಾಮು ದೋಣಿಕಟ್ಟೆ ಮೇಲೆ ಸಿಗ್ನಲ್ ಸಿಕ್ಕಾಗ ತಾಣದಿಂದ ಒಂದ್ಸಲ ಇಳಿಸ್ಕೊಂಡೆ, ನಮ್ಮೂರಲ್ಲಿ ಎಲ್ರಿಗೂ ಇದ್ರಿಂದ್ಲೇ ಹೋಗಿದ್ದು, ಫೋನಿಂದ ಫೋನಿಗೆ. ಕಿವಿಗೆ ಸಿಕ್ಕಿಸ್ಕೊಂಡು ಒಬ್ಳೇ ಕೇಳ್ಬಹುದಲ್ವಾ, ಅಂದೆ, ಬೇಕೆಂದೇ. ಚುಕ್ಕಾಣಿ ಹಿಡಿದ ಮುದುಕ ನಕ್ಕುಬಿಟ್ಟ, ಒಬ್ಬೊಬ್ರೇ ಪದ್ಯ ಕೇಳೋದೂ ಕದ ಹಾಕ್ಕೊಂಡು ಹಬ್ಬದೂಟ ಉಣ್ಣೋದೂ ಒಂದೇ, ನಿಂಗೆ ಮನೇಲಿ ಯಾರೂ ಹೇಳ್ಕೊಡ್ಲಿಲ್ವಾ ಮಗಳೇ. ಹೇಳಿಕೊಟ್ಟಿದ್ದರು, ಪದ್ಯ ಶುರುಮಾಡುವ ಮುನ್ನ ಅಜ್ಜಿ ಬಾಗಿಲು ತೆಗೆಸುತ್ತಿದ್ದಳು, ಮೊದಲ ಸಾಲಲ್ಲೇ ದೇವರ ಹೆಸರಿದೆ, ಬೀದಿಯಲ್ಲಿ ಹೋಗುವವರಿಗೂ ಪಾಲಿದೆ ಎಂದು, ಅದನ್ನು ಮರೆತು ಆ ಎಣಿಸುವವರ ಹಾಗೆ ನಾನೂ ಒಂದು ಫೋನಿಗೆ ಒಂದೇ ಜೀವ ಅಂದುಕೊಂಡೆನಲ್ಲ. ಎಣಿಸೋಣ, ಚೀಲದಿಂದ ಕಾಗದ, ಪೆನ್ನು ತೆಗೆದೆ, ಈ ದೋಣಿಯಲ್ಲಿ ಇಪ್ಪತ್ತೆಂಟು, ತೊಡೆಯ ಮೇಲೆ ನಿದ್ದೆಹೋದ ಕೂಸು ಸೇರಿದರೆ ಇಪ್ಪತ್ತೊಂಬತ್ತು, ನಿದ್ದೆಯಲ್ಲೇ ಅದರ ಹೆಬ್ಬೆರಳು ತಾಳಕ್ಕೆ ಆಡುತ್ತಿದೆ, ಸೇರಿಸಲೇ, ಎದುರಿಂದ ಬಂದ ದೋಣಿ ಪದ್ಯ ಕೇಳಲು ವೇಗ ತಗ್ಗಿಸಿತು, ಅದರಲ್ಲಿ ಎಷ್ಟು ತಲೆ, ದಡದ ಉಪ್ಪುನೀರಲ್ಲಿ ಬೆಳೆದ ಕಾಂಡ್ಲಾ ಗಿಡಗಳ ನಡುವೆ ಏಡಿ ಹಿಡಿಯುತ್ತಿದ್ದ ಇಬ್ಬರು ಸೊಂಟ ನೇರಮಾಡಿ ನಿಂತರು, ಪ್ರತಿ ಸಾಲಿನ ಕೊನೆಯ ಮಾತನ್ನು ಮುದುಕಿಗಿಂತ ಮೊದಲೇ ದೋಣಿಗೆ ದೋಣಿಯೇ ಹೇಳುತ್ತಿದೆ, ಎಣಿಸುವ ಯಾರ ಕಣ್ಣಿಗೂ ಬೀಳದೆ ಎಲ್ಲಿಯವರೆಗೆ ಹೋಗಿಬಿಟ್ಟಿದ್ದೀಯೆ ತಾಯಿ, ಮೂವತ್ತೊಂದು, ಅಲ್ಲ, ನಲವತ್ತು, ತಪ್ಪಿತು, ಮತ್ತೆ ಮೊದಲಿಂದ, ಒಂದು — ಸಹಿಯ ಜಾಗ ಬರಿದೇ ಇದೆ, ಸೊನ್ನೆಯ ಪಕ್ಕದಲ್ಲಿ ನಿಜದ ಸಂಖ್ಯೆ ಬರೆಯಲು ಹೊರಟ ಪೆನ್ನು ಹಾಗೇ ನಿಂತಿದೆ — ಒಂದು, ಒಂದು ಪಾತ್ರೆ, ಅದರ ಅಂಚು, ಸಣ್ಣಗೆ ನಡುಗುತ್ತ