ಎಣಿಸಬಾರದ ಗೊನೆ

ಸುಳ್ಳು ಹೇಳಬೇಕಾದದ್ದು ಒಂದೇ ವಾಕ್ಯ. ಮಿಕ್ಕದ್ದೆಲ್ಲ ನಿಜವಿರುವಾಗ ಆ ಒಂದು ವಾಕ್ಯವನ್ನು ಸುಳ್ಳು ಅನ್ನಬೇಕೇ, ಇಲ್ಲ ಕತೆಗೆ ಹಾಕಿದ ಒಗ್ಗರಣೆ ಅಂದುಕೊಂಡು ಬಿಡಬಹುದೇ? ಒಗ್ಗರಣೆ ಅಂದುಕೊಂಡರೆ ಕೆಲಸ ಸಿಗುತ್ತದೆ. ಸುಳ್ಳು ಅಂದುಕೊಂಡರೆ ಬಾಯಿ ಕಟ್ಟುತ್ತದೆ. ಖೂಬಾ ಪ್ಲಾಟ್ ಬಡಾವಣೆಯ ಆ ಸಲಹಾ ಕಂಪನಿಯ ಮೊದಲ ಮಹಡಿಯಲ್ಲಿ ಸಂದರ್ಶನಕ್ಕೆ ಹೆಸರು ಕರೆಯುವುದನ್ನು ಕಾಯುತ್ತ ಕೂತಿದ್ದ ಮಾಳಿಂಗನಿಗೆ ಇದಿನ್ನೂ ತೀರ್ಮಾನವಾಗಿರಲಿಲ್ಲ.

ಆ ವಾಕ್ಯವನ್ನು ಕಟ್ಟಿಕೊಟ್ಟವನು ಗೆಳೆಯ ಫುರ್ಕಾನ್. ಎಂಬಿಎ ಓದುವಾಗ ಇಬ್ಬರದೂ ಒಂದೇ ಬೆಂಚು. ಫುರ್ಕಾನ್ ಆಗಲೇ ಇಂಥದೇ ಇನ್ನೊಂದು ಸಲಹಾ ಕಂಪನಿ ಸೇರಿದ್ದ. ಎರಡು ಸಂಜೆ ಕೋಟೆಯ ಗೋಡೆಯ ಪಕ್ಕ ಕೂರಿಸಿಕೊಂಡು ಮಾಳಿಂಗನಿಗೆ ತಾಲೀಮು ಮಾಡಿಸಿದ್ದ. ಒಂದು ಪ್ರಶ್ನೆ ಬಂದೇ ಬರುತ್ತದೆ ಎಂದಿದ್ದ: ಬೇರೆ ರೀತಿ ರಿವಾಜಿನ ಗಿರಾಕಿಗೆ ನೀವು ಹೇಗೆ ಹೊಂದಿಕೊಂಡಿರಿ, ಒಂದು ಉದಾಹರಣೆ ಹೇಳಿ. ಮಾಳಿಂಗ ತನಗಿದ್ದ ಒಂದೇ ಉದಾಹರಣೆಯನ್ನು, ಮುದುಕಿ ಪುತಳಾಬಾಯಿಯ ಬಾಳೆ ತೋಟದ್ದನ್ನು, ಹೇಳಿದ. ಫುರ್ಕಾನ್ ಪೂರಾ ಕೇಳಿ ತಲೆಯಾಡಿಸಿದ.

"ಕತಿ ಭಾರಿ ಅದ ದೋಸ್ತ. ಆದ್ರ ಕೊನಿಗೆ ನೀ ಸೋತೀದಿ. ಸೋತಾಂವಗ ಯಾರು ನೌಕರಿ ಕೊಡ್ತಾರ? ಮುದುಕಿಗೆ ತಿಳಿಸಿ ಹೇಳಿದೆ, ಅಕಿ ಒಪ್ಪಿದಳು ಅನ್ನು. ಅಷ್ಟ. ಅಕಿ ಏನು ಇಲ್ಲಿ ಬಂದು ಸಾಕ್ಷಿ ಹೇಳ್ತಾಳೇನು?"

ಒಳಗೆ ಇಬ್ಬರಿದ್ದರು. ಕಂಪನಿಯ ಮುಖ್ಯಸ್ಥೆ ಸುನಂದಾ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅವನ ಅರ್ಜಿ ನೋಡುತ್ತಿದ್ದರು. ಪಕ್ಕದಲ್ಲಿ ಹಿರಿಯ ಸಲಹೆಗಾರ ವಿವೇಕಾನಂದ. ಊರಿನ ಹಳೆಯ ವ್ಯಾಪಾರಿ ಮನೆತನದವರು, ಮಾತು ಸಲೀಸು. ತಮ್ಮ ಕೆಲಸ ಎಂಥದೆಂದು ಅವರೇ ಮೊದಲು ವಿವರಿಸಿದರು. ಮುಂಜಾನೆ ಬೇಳೆ ಮಿಲ್ಲಿನ ಸಾಹುಕಾರರು. ಅಲ್ಲಿ ಚಹಾ ಬೇಡ ಅಂದರೆ ಮಾತುಕತೆ ಮುಗಿದ ಹಾಗೆ. ಮಧ್ಯಾಹ್ನ ಹೈದರಾಬಾದಿನ ಖರೀದಿದಾರರು. ಅಲ್ಲಿ ಚಹಾ ಕುಡಿಯುತ್ತ ಕೂತರೆ ಇವನಿಗೆ ಕೆಲಸವಿಲ್ಲ ಅನ್ನುತ್ತಾರೆ. ಸಂಜೆ ರೈತರ ಸಂಘ. ಅಲ್ಲಿ ನೀವು ಕುರ್ಚಿ ಹಿಡಿದರೆ ಯಾರೂ ಬಾಯಿ ಬಿಡುವುದಿಲ್ಲ. ದಿನಕ್ಕೆ ಮೂರು ಸಲ ಮನುಷ್ಯ ಬದಲಾಗಬೇಕು ಎಂದು ನಕ್ಕರು. ಮಾಳಿಂಗನಿಗೂ ನಗು ಬಂತು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆಮೇಲೆ ಸುನಂದಾ ಆ ಪ್ರಶ್ನೆ ಕೇಳಿದರು. ಹೆಚ್ಚುಕಡಿಮೆ ಫುರ್ಕಾನನ ಶಬ್ದಗಳಲ್ಲೇ.

ಮಾಳಿಂಗ ಶುರು ಮಾಡಿದ. ಎರಡು ವರ್ಷದ ಹಿಂದೆ ಅವನು ಒಂದು ಸಂಸ್ಥೆಯಲ್ಲಿ ತಾತ್ಕಾಲಿಕ ಸಮೀಕ್ಷಕನಾಗಿದ್ದ. ಕಮಲಾಪುರದಲ್ಲಿ ಕೆಂಪು ಬಾಳೆಗೆ ಶೀತಲ ಗೋದಾಮು ಕಟ್ಟಬೇಕಿತ್ತು. ಅದು ಎಷ್ಟು ದೊಡ್ಡದಿರಬೇಕೆಂದು ಹೇಳುವುದು ಸಂಸ್ಥೆಯ ಕೆಲಸ. ಅದಕ್ಕಾಗಿ ತೋಟ ತೋಟಕ್ಕೆ ಹೋಗಿ, ಗೊನೆ ಬಿಟ್ಟ ಗಿಡಗಳಿಗೆಲ್ಲ ಹಳದಿ ಪಟ್ಟಿ ಕಟ್ಟಿ, ಗಟ್ಟಿಯಾಗಿ ಎಣಿಸುತ್ತ ಮೊಬೈಲಿನಲ್ಲಿ ದಾಖಲಿಸಬೇಕು. ಒಬ್ಬ ಮುದುಕಿಯ ತೋಟ ಮೊದಲನೆಯದು. ಅವಳ ಓಣಿಯವರು ಗೊನೆ ಗಿಡದ ಮೇಲಿರುವಾಗ ಎಣಿಸುವುದಿಲ್ಲ. ವರ್ಷಕ್ಕೂ ಮೀರಿ ಕಾದ ಫಸಲು. ಬಾಯಿಂದ ಸಂಖ್ಯೆ ಹೊರಟರೆ ಕಣ್ಣು ಬಿತ್ತು ಎಂದೇ ಲೆಕ್ಕ.

ವಿವೇಕಾನಂದ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. "ಭೇಷ್. ಇದಾ ಬೇಕಾಗಿತ್ತು ನಮಗ. ಮುದುಕೀನ್ನ ಹ್ಯಾಂಗ ಒಪ್ಪಿಸಿದ್ರಿ?"

ಫುರ್ಕಾನನ ವಾಕ್ಯ ಮಾಳಿಂಗನ ನಾಲಿಗೆಯ ಮೇಲಿತ್ತು. ಒಬ್ಬ ಮುದುಕಿ ಎಂದು ಶುರು ಮಾಡಿದವನು ತಾನೇ. ಹೆಸರು ಹೇಳಿರಲಿಲ್ಲ. ಹೆಸರಿಲ್ಲದವಳನ್ನು ಒಪ್ಪಿಸುವುದು ಸುಲಭ ಎಂದು ಅವನೊಳಗೆ ಯಾರೋ ಮೊದಲೇ ಲೆಕ್ಕ ಹಾಕಿದ್ದರು. ಸುನಂದಾ ಕನ್ನಡಕವನ್ನು ಕಣ್ಣಿಗಿಳಿಸಿ ಅವನನ್ನು ನೋಡಿದರು.

"ಒಪ್ಪಿಸಲಿಲ್ರಿ," ಎಂದ. "ಅವ್ರ ಹೆಸರು ಪುತಳಾಬಾಯಿ. ಅವ್ರನ್ನ ನಾ ಕೇಳಲೇ ಇಲ್ಲ. ಎಣಿಸಿಬಿಟ್ಟೆ."

ಅಲ್ಲಿಂದ ಮುಂದಿನದನ್ನು ಅವನು ಯಾರೂ ಕೇಳದೆಯೇ ಹೇಳಿದ. ತಾನೂ ಕಮಲಾಪುರದವನೇ. ಆ ರಿವಾಜು ತನ್ನ ಅಜ್ಜನ ತೋಟದಲ್ಲೂ ಇತ್ತು. ಕೇಳಬೇಕಾದ ಪ್ರಶ್ನೆಯೂ ಗೊತ್ತಿತ್ತು. ಗೊನೆಯ ಭಾರಕ್ಕೆ ಗಿಡ ಬಾಗಬಾರದೆಂದು ಒಂದೊಂದಕ್ಕೂ ಒಂದು ಕವೆಗೋಲಿನ ಆಸರೆ ಕೊಡುತ್ತಾರೆ. ಈ ಸಲ ಎಷ್ಟು ಕೋಲು ಬೇಕಾದವು ಆಯಿ, ಎಂದು ಕೇಳಿದ್ದರೆ ಸಾಕಿತ್ತು. ಕೋಲಿಗೆ ಕಣ್ಣು ಬೀಳುವುದಿಲ್ಲ. ಅವಳೇ ಹೆಮ್ಮೆಯಿಂದ ಹೇಳುತ್ತಿದ್ದಳು. ಆದರೆ ಸಂಸ್ಥೆಯ ನಮೂನೆಯಲ್ಲಿ ಕಣ್ಣಾರೆ ಎಣಿಸಿದ್ದು ಎಂಬ ಕಾಲಂ ಇತ್ತು, ಜೊತೆಗೆ ಮೇಲಧಿಕಾರಿ ಬಂದಿದ್ದರು. ಅವರ ಮುಂದೆ ಹಳ್ಳಿಯವನ ಹಾಗೆ ಕಾಣಲು ಮನಸ್ಸಾಗಲಿಲ್ಲ. ಒಂದು, ಎರಡು, ಮೂರು ಎಂದು ಕೂಗುತ್ತ ಪಟ್ಟಿ ಕಟ್ಟುತ್ತ ಹೋದ. ಪುತಳಾಬಾಯಿ ಬಾವಿಯ ಕಟ್ಟೆಯ ಮೇಲೆ ಕೂತಿದ್ದಳು. ಬೇಡ ಅನ್ನಲಿಲ್ಲ. ನೂರಾ ಹದಿನಾಲ್ಕು ಎಂದಾಗ ತಲೆಯ ಮೇಲೆ ಸೆರಗೆಳೆದುಕೊಂಡು ಎದ್ದು ಹೋದಳು. ಒಂಬತ್ತನೆಯ ದಿನ ಬಿರುಗಾಳಿ ಬಂದು ನಲವತ್ತು ಗಿಡ ನೆಲಕ್ಕೆ ಮಲಗಿದವು. ಆಮೇಲೆ ಆ ಓಣಿಯ ಒಂದು ತೋಟದ ಬೇಲಿಯೂ ಸಂಸ್ಥೆಗೆ ತೆರೆಯಲಿಲ್ಲ.

ಎಣಿಸಿದ್ದಕ್ಕೇ ಗಾಳಿ ಬಂತು ಅನ್ನುತ್ತೀರಾ ಎಂದು ಸುನಂದಾ ಕೇಳಿದರು. ದನಿಯಲ್ಲಿ ಕುಹಕವಿರಲಿಲ್ಲ.

"ಇಲ್ರಿ ಮೇಡಂ. ಗಾಳಿ ಹ್ಯಾಂಗೂ ಬರ್ತಿತ್ತು. ಆದ್ರ ಅವ್ರ ಪಾಲಿಗೆ ಗಾಳಿ ಒಂದ ಬರಲಿಲ್ಲ, ಅದರ ಜೋಡಿ ನಾನೂ ಬಂದೆ."

ವಿವೇಕಾನಂದ ಮಾತು ಬಿಡುವ ಆಳಲ್ಲ. ಸೋತ ಕತೆಯೂ ಒಳ್ಳೆಯದೇ, ಪಾಠ ಕಲಿತಿರಲ್ಲ ಎಂದರು. ಅದಕ್ಕಿಂತ ಮುಖ್ಯವಾದದ್ದು ಬೇರೆ ಇತ್ತು. ಈ ಹುದ್ದೆ ಇರುವುದೇ ಬರುವ ತಿಂಗಳಿನ ಒಂದು ಕೆಲಸಕ್ಕೆ. ಪುಣೆಯ ಹಣ್ಣಿನ ಕಂಪನಿಯೊಂದು ಅದೇ ಕಮಲಾಪುರದ ಅದೇ ತೋಟಗಳ ಲೆಕ್ಕ ಕೇಳಿತ್ತು. ಈ ಸಲ ಪಟ್ಟಿಯೂ ಇಲ್ಲ, ಕೂಗುವುದೂ ಇಲ್ಲ. ಮೇಲಿನಿಂದ ಡ್ರೋನ್ ಎಣಿಸುತ್ತದೆ. ತೋಟದವರ ಸಹಿ ಮಾತ್ರ ಬೇಕು.

"ನೀವು ಆ ಊರಿನವರಾ ಅದೀರಿ. ಡ್ರೋನ್ ಫೋಟೋ ತೆಗೀತದ ಅನ್ರಿ. ಎಣಸ್ತದ ಅಂತ ಹೇಳಾಕ ಹೋಗಬ್ಯಾಡ್ರಿ. ಅವ್ರ ನಂಬಿಕಿ ಅವ್ರ ಹಂತ್ಯಾಕ ಉಳೀತದ, ನಮ್ಮ ಲೆಕ್ಕ ನಮಗ ಸಿಗ್ತದ. ಇದಾ ಅಲ್ಲೇನ್ರಿ ಹೊಂದ್ಕೊಳ್ಳೋದಂದ್ರ?"

ಹೌದು ಅಂದರೆ ಕೆಲಸ. ವಿವೇಕಾನಂದರ ಕೈ ಆಗಲೇ ಪೆನ್ನಿನ ಮೇಲಿತ್ತು. ಮಾಳಿಂಗನಿಗೆ ಹೆದರಿಕೆಯಾಯಿತು, ಅದರ ಬೆನ್ನಿಗೇ ಸಿಟ್ಟು ಬಂತು. ಸಿಟ್ಟು ಅವರ ಮೇಲಷ್ಟೇ ಅಲ್ಲ. ಎರಡು ವರ್ಷದ ಹಿಂದಿನ ಮಾಳಿಂಗ ಈ ಮಾತಿಗೆ ತಕ್ಷಣ ಹೂಂ ಅನ್ನುತ್ತಿದ್ದ.

"ಇದು ಹೊಂದ್ಕೊಳ್ಳೋದಲ್ರಿ ಸರ್. ಅವ್ರಿಗೆ ಗೊತ್ತಾಗದಂಗ ಅವ್ರನ್ನ ನಮಗ ಹೊಂದಿಸ್ಕೊಳ್ಳೋದು. ಆ ಸಹಿ ನಾ ಹಾಕಸಂಗಿಲ್ರಿ. ಕೋಲಿನ ಲೆಕ್ಕ ಕೇಳ್ಕೊಂಡು ಬಾ ಅನ್ರಿ, ಇವತ್ತ ಹೋಗ್ತೀನಿ."

"ಕೋಲಿನ ಲೆಕ್ಕ ಪುಣೆಯವ್ರು ಒಪ್ಪಂಗಿಲ್ಲ."

"ಹಂಗಾದ್ರ ಹೊಂದ್ಕೊಳ್ಳೋದು ಪುಣೆಯವ್ರೂ ಒಂದೀಟು ಕಲೀಲ್ರಿ."

ಸುನಂದಾ ತಲೆ ತಗ್ಗಿಸಿದರು. ನಗು ಮುಚ್ಚಲು ಇರಬಹುದು, ಇಲ್ಲದೆಯೂ ಇರಬಹುದು. ಇದು ಬಿಟ್ಟರೆ ಸದ್ಯಕ್ಕೆ ಬೇರೆ ಹುದ್ದೆ ಇಲ್ಲ, ಗೊತ್ತಿದೆ ತಾನೇ ಎಂದು ಕೇಳಿದರು. ಗೊತ್ತಿದೆ ಎಂದ. ಅವರು ಕಡತ ಮುಚ್ಚಿ, ನೋಡೋಣ, ತಿಳಿಸುತ್ತೇವೆ ಎಂದರು. ಈ ಕಡೆ ನೋಡೋಣ ಎಂದರೆ ಏನೆಂದು ಮೂವರಿಗೂ ಗೊತ್ತಿತ್ತು.

ಬಸ್ ನಿಲ್ದಾಣದಿಂದ ಫುರ್ಕಾನನಿಗೆ ಫೋನು ಮಾಡಿದ. ಅವನು ಬೈದ, ಬೈದು ಸಾಕಾಗಿ, ಊಟ ಮಾಡಿದಿಯೇನು ಎಂದು ಕೇಳಿದ. ಊರಿನ ಮೇಲೆ ಹಾಯುವ ಹುಮನಾಬಾದ್ ಬಸ್ಸಿನಲ್ಲಿ ಮಾಳಿಂಗ ಕಿಟಕಿಯ ಪಕ್ಕ ಕೂತು, ಕೆಲಸ ಬಿಟ್ಟುಕೊಟ್ಟದ್ದಕ್ಕೆ ಬರಬೇಕಾದ ಪಶ್ಚಾತ್ತಾಪಕ್ಕಾಗಿ ದಾರಿಯುದ್ದಕ್ಕೂ ಕಾದ. ಅದು ಬರಲಿಲ್ಲ.

ಕಮಲಾಪುರದಲ್ಲಿ ಇಳಿದು ಮನೆಗೆ ಹೋಗಲು ಪುತಳಾಬಾಯಿಯ ತೋಟ ದಾಟಬೇಕು. ಎರಡು ವರ್ಷದಿಂದ ಅವನು ಸುತ್ತು ಹಾದಿ ಹಿಡಿಯುತ್ತಿದ್ದ. ಇವತ್ತು ನೇರ ಹೋದ. ಅವಳು ಬೇಲಿಯ ಹತ್ತಿರ ಒಣಗಿದ ಎಲೆ ಕೊಯ್ಯುತ್ತಿದ್ದಳು. ನೋಡಿದಳು. ಅವಳೇ ಮೊದಲು ಬಾಯಿ ತೆರೆದಳು.

"ಇಸ್ತ್ರಿ ಅಂಗಿ ಹಾಕ್ಕೊಂಡು ಎಲ್ಲಿಗಿ ಹೋಗಿದ್ದೆಪಾ ಸಾಹೇಬಾ?"

"ನೌಕರಿ ಕೇಳಾಕ ಹೋಗಿದ್ದೆ ಆಯಿ."

"ಕೊಟ್ಟರೇನು?"

"ಇಲ್ಲ."

"ಯಾಕ? ಎಣಸಾಕ ಬರ್ತದಂತ ಹೇಳಬೇಕಾಗಿತ್ತಲ್ಲ."

ಹೇಳಿ ಅವಳು ಕುಡುಗೋಲು ಬೀಸುವುದನ್ನು ನಿಲ್ಲಿಸಿದಳು. ಅವಳು ಕಾಯುತ್ತಿದ್ದಾಳೆ ಎಂದು ಅವನಿಗೆ ತಿಳಿಯಿತು. ಅವನು ಬೇಲಿಯ ತಂತಿ ಹಿಡಿದು ನಿಂತೇ ಇದ್ದ. ಅವಳು ಒಮ್ಮೆ ಅವನನ್ನು ದಿಟ್ಟಿಸಿ ನೋಡಿ, ಮತ್ತೆ ಎಲೆಗಳ ಕಡೆ ತಿರುಗಿದಳು.

ಖೂಬಾ ಪ್ಲಾಟಿನಲ್ಲಿ ಗುರುತಿಲ್ಲದ ಇಬ್ಬರ ಮುಂದೆ ಅವನು ಎಲ್ಲವನ್ನೂ ಹೇಳಿದ್ದ. ತಪ್ಪಾಯಿತು ಆಯಿ ಎಂದು ಪುತಳಾಬಾಯಿಗೆ ಹೇಳಲಿಲ್ಲ.