ಅಕ್ಕಿಕಾಳು ಬೀಳುವ ಹೊತ್ತು

"ಇಲ್ಲೇ, ಇಲ್ಲೇ ನಿಲ್ಸ್ರಿ ಅಕ್ಕಾರ," ಎಂದ ಮಾಳು.

ದಾನೇಶ್ವರಿ ಮೊಬೈಲಿನ ಮೇಲೆ ಬೆರಳಿಟ್ಟಳು. ಚಿತ್ರ ನಿಂತಿತು. ಪರದೆ ತುಂಬ ಮದುವೆಯ ಅಕ್ಷತೆಯ ಅಕ್ಕಿಕಾಳಿತ್ತು, ಆದರೆ ಅದು ಅಕ್ಕಿಕಾಳು ಎಂದು ಮೊದಲೇ ಗೊತ್ತಿದ್ದವರಿಗಷ್ಟೇ ಗೊತ್ತಾಗಬೇಕು. ಮದುಮಕ್ಕಳ ಹಿಂದೆ ನಿಂತ ಬೀಗರು ನೆಂಟರೆಲ್ಲ ಚೌಕ ಚೌಕ ಕಲೆಗಳಾಗಿ ಹೋಗಿದ್ದರು. ಬಲಗಡೆಯ ಮೂಲೆಯಲ್ಲಿ ಒಂದು ಕೆಂಪು ಚೌಕ, ಅದರ ಕೆಳಗೊಂದು ಕಂದು ಚೌಕ.

ಅವನ ಅವ್ವ ಸಾವಕ್ಕ ಮೊಬೈಲನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. "ಮಾಳೂನ ಅಪ್ಪಾರು ಎಲ್ಲಿ ಅದಾರವಾ?"

"ಆ ಕೆಂಪಂದು ಅವರ ತಲೀ ಪಟಗಾ ನೋಡ್ರಿ, ಮಾವಶಿ."

"ಪಟಗಾ ಹೌದು. ಮಾರಿ ಎಲ್ಲೈತಿ?"

ಮುಖವಿರಬೇಕಾದಲ್ಲಿ ಆ ಕಂದು ಚೌಕವಷ್ಟೇ ಇತ್ತು. ಏಕಸಂಬಿಯ ಬಸ್‌ಸ್ಟ್ಯಾಂಡಿನ ಎದುರು ಸ್ಟುಡಿಯೋ ಹಾಕಿದ ಮೇಲೆ ದಾನೇಶ್ವರಿ ಎಷ್ಟೋ ಮದುವೆಗಳ ವಿಡಿಯೋ ಹಿಂಡಿ ಸಣ್ಣದು ಮಾಡಿ ಮೊಬೈಲಿಗೆ ತುಂಬಿ ಕೊಟ್ಟಿದ್ದಳು. ಯಾರೂ ಹೀಗೆ ಕೇಳಿರಲಿಲ್ಲ. ಮದುಮಕ್ಕಳು ನೆಟ್ಟಗೆ ಕಂಡರೆ ಜನಕ್ಕೆ ಸಾಕಿತ್ತು.

ಇದು ಸಾವಕ್ಕನ ಮಗಳು ಅನುಸೂಯಾಳ ಮದುವೆ. ಎರಡು ವರ್ಷದ ಹಿಂದೆ ದಾನೇಶ್ವರಿಯೇ ಶೂಟಿಂಗ್ ಮಾಡಿದ್ದಳು. ಆಗ ಸಾವಕ್ಕನ ಗಂಡ ಗಂಗಾರಾಮ ಕ್ಯಾಮೆರಾ ಕಂಡರೆ ಸಾಕು, ಮಾಯವಾಗುತ್ತಿದ್ದ. ಒಮ್ಮೆ ಹುಗ್ಗಿ ಕುದಿಯುವ ಕೊಪ್ಪರಿಗೆಯ ಹತ್ತಿರ, ಒಮ್ಮೆ ಕುರಿಗಳ ಹತ್ತಿರ. ಅಕ್ಕಿಕಾಳು ಹಾಕುವ ಹೊತ್ತಿಗೆ ಯಾರೋ ರಟ್ಟೆ ಹಿಡಿದು ಎಳೆತಂದು ನಿಲ್ಲಿಸಿದ್ದಕ್ಕೆ ಅಷ್ಟು ಮಾತ್ರ ಸಿಕ್ಕಿದ್ದ. ಈ ಶ್ರಾವಣದಲ್ಲಿ ಜ್ವರ ಬಂದದ್ದೇ ನೆಪವಾಗಿ ತೀರಿಹೋಗಿಬಿಟ್ಟ. ಆಧಾರ್ ಕಾರ್ಡಿನಲ್ಲಿ ಒಂದು ಮುಖವಿತ್ತು, ನಿಜ. ಅದನ್ನು ನೋಡಿ ಸ್ವತಃ ಗಂಗಾರಾಮನೇ, ಇವನ್ಯಾವ ಕಳ್ಳ ಎಂದು ಕೇಳಿದ್ದನಂತೆ.

ನಾಳೆ ಬೆಳಿಗ್ಗೆ ಕುರಿಗಳ ಜೊತೆ ತಾಯಿ ಮಗ ಹೊರಡುತ್ತಾರೆ. ಊರೂರಿನ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ನಿಲ್ಲಿಸುತ್ತ ಹೋದರೆ ಮತ್ತೆ ಈ ಕಡೆ ಮುಖ ಮಾಡುವುದು ಮುಂದಿನ ಮಳೆಗಾಲಕ್ಕೇ. ಅಷ್ಟು ದಿನ ಮೊಬೈಲಿನಲ್ಲಿ ನೋಡಲು ಸಾವಕ್ಕನಿಗೆ ಗಂಡ ಬೇಕಾಗಿದ್ದ. ಮಾಳೂನ ಹಳೆಯ ಮೊಬೈಲು ಹೊರಗಿನ ಮೆಮೊರಿ ಕಾರ್ಡು ಹಾಕಿದರೆ ಓದುತ್ತಿರಲಿಲ್ಲ. ವ್ಯಾಪಾರಸ್ಥರಿಗೆ ಕಳಿಸಲೆಂದು ಇಟ್ಟುಕೊಂಡ ಟಗರಿನ ಫೋಟೊಗಳನ್ನೆಲ್ಲ ಅವ್ವನ ಕಾಟಕ್ಕೆ ಅಳಿಸಿ ಹಾಕಿದರೂ ಅದರಲ್ಲಿದ್ದ ಜಾಗ ಅಷ್ಟಕ್ಕಷ್ಟೇ.

"ಆ ಹೊತ್ತಿಂದಷ್ಟ ಕಟ್ ಮಾಡಿ ಕೊಡ್ತೀನ್ರಿ," ಎಂದಳು ದಾನೇಶ್ವರಿ. "ಸಣ್ಣ ತುಂಡು ಆಗತೈತಿ, ಮಾರಿ ಸ್ವಚ್ಛ ಕಾಣತೈತಿ."

ಸಾವಕ್ಕ ಎದ್ದು ನಿಂತೇಬಿಟ್ಟಳು. "ಬ್ಯಾಡ ನಮ್ಮವ್ವಾ! ಮದುವಿಗೆ ಕತ್ತರಿ ಹಚ್ಚಬಾರ್ದು. ಮಗಳು ಬಸರಿ ಅದಾಳ."

"ಯವ್ವಾ, ಅದು ಮಿಷಿನ್ದಾಗ ಕಟ್ ಮಾಡೂದು. ಖರೇ ಕತ್ತರಿ ಅಲ್ಲ..."

"ನೀ ಬಾಯಿ ಮುಚ್ಚಲೇ. ಅಕ್ಕಿಕಾಳು ಹರಕೊಂಡು ಒಯ್ದ್ರ ಹಿಂದ ಏನ ಉಳೀತ? ಪೂರಾ ಮದುವಿ ಬೇಕ."

ಬೆಳಗಿನಿಂದ ಸಂಜೆಯವರೆಗೆ ಮದುವೆಗಳನ್ನು ಕತ್ತರಿಸುವುದೇ ತನ್ನ ಹೊಟ್ಟೆಪಾಡು ಎಂಬುದನ್ನು ದಾನೇಶ್ವರಿ ಬಾಯಿ ಬಿಡಲಿಲ್ಲ. ಇದೇ ಮದುವೆಯಲ್ಲೂ ಎಷ್ಟು ಕಡೆ ಕತ್ತರಿ ಆಡಿಸಿದ್ದಾಳೋ, ಅವಳಿಗೇ ನೆನಪಿಲ್ಲ. ಆದರೆ ಆ ಮುದುಕಿಯ ಮುಖ ನೋಡಿ ಅವಳಿಗೆ ನಗು ಬರಲಿಲ್ಲ. ಸ್ಟೂಲು ಎಳೆದು ಸಾವಕ್ಕನನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು.

"ಪಂಕ್ತ್ಯಾಗ ಹುಗ್ಗಿ ಬಡಿಸಿದಂಗ ತಿಳೀರಿ, ಮಾವಶಿ. ನಾ ಎಲ್ಲಾರಿಗೂ ಒಂದs ಸೌಟ ಬಡಿಸಿಬಿಟ್ಟೆ. ಮಂದಿ ಸುಮ್ನ ಕುಂತಿದ್ರ ಅಷ್ಟ ಸಾಕಾಗತೈತಿ. ಅಕ್ಕಿಕಾಳು ಬೀಳೂ ಮುಂದ ಒಂದೊಂದು ಕಾಳೂ ಒಂದೊಂದು ಕಡೆ ಓಡತೈತಿ ನೋಡ್ರಿ, ಅದಕ್ಕ ಆ ಸೌಟ ಸಾಲಂಗಿಲ್ಲ. ಅಲ್ಲಿ ಜಾಸ್ತಿ ಬಡಿಸಬೇಕಂದ್ರ ಬ್ಯಾರೆ ಕಡೆ ಕಮ್ಮಿ ಮಾಡಬೇಕ. ಮೊಬೈಲ್ನಾಗಿನ ಜಾಗಾನ ಕೊಪ್ಪರಿಗಿ, ಅದು ಅಷ್ಟs ಐತಲ್ರಿ."

"ಕಮ್ಮಿ ಮಾಡಿದಲ್ಲಿ?"

"ಅಲ್ಲಿ ಮಸಕ ಆಗತೈತಿ."

ಸಾವಕ್ಕ ತಲೆಯಾಡಿಸಿದಳು. ಬಡಿಸುವವರ ಕಷ್ಟ ಅವಳಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಮದುವೆ ಕಂಪ್ಯೂಟರಿನಲ್ಲಿ ಓಡತೊಡಗಿತು. ಉಡುಗೊರೆ ಕೊಡುವ ಆಹೇರಿಯ ಭಾಗ ಬಂದಾಗ ಮಾಳು, "ಇದನ್ನ ಕಮ್ಮಿ ಮಾಡ್ರಿ. ಬರೇ ಸೀರಿ, ಟಾವೆಲ್ಲು," ಎಂದ. ಸಾವಕ್ಕ ಒಪ್ಪಲಿಲ್ಲ. ತವರಿನವರೆಲ್ಲ ಅಲ್ಲೇ ಸಾಲುಗಟ್ಟಿ ನಿಂತಿದ್ದರು. ಮಗಳನ್ನು ಒಪ್ಪಿಸಿಕೊಡುವ ಭಾಗವಂತೂ ಮುಟ್ಟುವಂತೆಯೇ ಇರಲಿಲ್ಲ. ಊಟದ ಪಂಕ್ತಿಗೆ ಮಾತ್ರ ಹೂಂ ಅಂದಳು, ಆದರೆ ಅದರಿಂದ ಉಳಿಯುವುದು ಏನೇನೂ ಸಾಲದು ಎಂದು ದಾನೇಶ್ವರಿ ಲೆಕ್ಕ ಹಾಕಿ ಹೇಳಿದಳು.

ಆಮೇಲೆ ದಾನೇಶ್ವರಿ ಮೊದಲಿಗೆ ಹಿಂತಿರುಗಿ ಅರಿಷಿಣದ ಭಾಗ ಹಾಕಿದಳು. ಹೆಂಗಸರು ಒಬ್ಬರಿಗೊಬ್ಬರು ಅರಿಷಿಣ ಬಳಿದು ಕೊಡಗಟ್ಟಲೆ ನೀರು ಎರಚುತ್ತಿದ್ದರು. ನಡುವೆ ಸಾವಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀಗಿತ್ತಿಯ ತಲೆಯ ಮೇಲೆ ಕೊಡವನ್ನೇ ಬೋರಲು ಹಾಕಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಬಿಸಿಲಿಗೆ ನೀರಿನ ಹನಿ ಹನಿಯೂ ಹೊಳೆಯುತ್ತಿತ್ತು. ಇಷ್ಟು ವರ್ಷದಲ್ಲಿ ಇದರಷ್ಟು ಚೆಂದದ್ದನ್ನು ದಾನೇಶ್ವರಿ ಇನ್ನೊಂದು ತೆಗೆದಿರಲಿಲ್ಲ. ಗಿರಾಕಿಗಳಿಗೆ ಮೊದಲು ತೋರಿಸುತ್ತಿದ್ದದ್ದೇ ಇದನ್ನು.

ಸಾವಕ್ಕ ತನ್ನನ್ನೇ ಯಾರನ್ನೋ ನೋಡುವಂತೆ ನೋಡಿದಳು. "ಇದು ಭಾಳ ಹುಗ್ಗಿ ತಿಂತೈತೇನವಾ?"

"ನೀರು ಹಾರತೈತಲ್ರಿ. ಎಲ್ಲಾದಕ್ಕಿಂತ ಜಾಸ್ತಿ ತಿನ್ನೂದ ಇದs."

"ಹಂಗಾರ ಇದನ್ನ ಮಸಕ ಮಾಡಿಬಿಡು."

"ಮಾವಶಿ, ಇದರಾಗ ನೀವ ಅದೀರಿ."

"ಅದಕ್ಕ ಅಂದೆ. ನನ್ನ ನಾ ನೋಡ್ಕೊಂಡ ಏನ ಮಾಡ್ಲಿ?"

ದಾನೇಶ್ವರಿ ಕಂಪ್ಯೂಟರಿನ ಕಡೆ ತಿರುಗಿದಳು. ಬೇರೆ ಏನಾದರೂ ದಾರಿ ಉಂಟೇ ಎಂದು ಮತ್ತೊಮ್ಮೆ ಲೆಕ್ಕ ಹಾಕಿದಳು, ಇರಲಿಲ್ಲ. ಅರಿಷಿಣಕ್ಕೆ ತೀರ ಕಡಿಮೆ, ಅಕ್ಕಿಕಾಳಿಗೆ ಕೈತುಂಬ ಎಂದು ಕಂಪ್ಯೂಟರಿಗೆ ಬರೆದುಕೊಟ್ಟು ಗುಂಡಿ ಒತ್ತಿದಳು. ಕತ್ತರಿ ಎಲ್ಲಿಯೂ ಹಚ್ಚಲಿಲ್ಲ. ಅದು ಮುಗಿಯುವವರೆಗೆ ಮೂವರೂ ಚಹಾ ಕುಡಿದರು. ಮಾಳು ಕುರಿಯ ಸುದ್ದಿ ಹೇಳಿದ.

ಮೊಬೈಲಿಗೆ ತುಂಬಿಸಿ ಹಚ್ಚಿದಾಗ ಮೊದಲು ಬಂದದ್ದು ಅರಿಷಿಣ. ಹಳದಿ ಕಲೆಯೊಂದು ಅತ್ತಿತ್ತ ಅಲ್ಲಾಡಿತು, ನಗುವಿನ ಸದ್ದಷ್ಟೇ ಸಾವಕ್ಕನದು. ಅವಳು ಅದನ್ನು ದಾಟಿಸು ಎಂದು ಮಗನಿಗೆ ಸನ್ನೆ ಮಾಡಿದಳು.

ಮಂಗಲಾಷ್ಟಕ ಮುಗಿಯಿತು. ವಾಲಗ ಜೋರಾಯಿತು. ಅಕ್ಕಿಕಾಳು ಬಿದ್ದವು, ಒಂದೊಂದೂ ಬೇರೆ ಬೇರೆಯಾಗಿ. ಬಲಗಡೆಯ ಮೂಲೆಯಲ್ಲಿ ಕೆಂಪು ಪಟಗದ ಕೆಳಗೆ ಗಂಗಾರಾಮ ನಿಂತಿದ್ದ. ಮಂದಿಯೆಲ್ಲ ಎಸೆಯುತ್ತಿದ್ದರೆ ಅವನು ಮಗಳಿಗೆ ಎಲ್ಲಿ ಪೆಟ್ಟಾದೀತೋ ಎನ್ನುವಂತೆ ಮೆಲ್ಲಗೆ ಕೈಯೆತ್ತಿ ಚೆಲ್ಲುತ್ತಿದ್ದ. ಹಿಂದಿನವರು ಎಸೆದ ಕಾಳೊಂದು ಅವನ ಬಿಳಿ ಮೀಸೆಯಲ್ಲಿ ಸಿಕ್ಕಿಕೊಂಡಿತ್ತು.

"ಅಯ್ಯ, ಮೀಸ್ಯಾಗ ಕಾಳ ಕುಂತಿದ್ದು ಗೊತ್ತಿಲ್ಲ ನೋಡ ಇವರಿಗೆ," ಎಂದು ಸಾವಕ್ಕ ಅದನ್ನು ಕೊಡವಲು ಬೆರಳು ಚಾಚಿದಳು.

ಬೆರಳು ತಾಗಿದ್ದೇ ಚಿತ್ರ ನಿಂತಿತು. ವಾಲಗವೂ ನಿಂತಿತು.

ಮತ್ತೆ ಹಚ್ಚಲು ಮಾಳು ಕೈ ತಂದ. ಸಾವಕ್ಕ ಮೊಬೈಲನ್ನು ಎದೆಯ ಕಡೆ ಎಳೆದುಕೊಂಡಳು.

"ಇರಲಿ ಬಿಡೋ. ಇರಲಿ."

ಗಂಗಾರಾಮನ ಕೈ ಎತ್ತಿದಂತೆಯೇ ಇತ್ತು. ಅಂಗೈ ಬಿಟ್ಟು ಹೊರಟ ಕಾಳುಗಳು ಇನ್ನೂ ಕೆಳಗೆ ಬಿದ್ದಿರಲಿಲ್ಲ.